ಶೆಡ್ ಮಾಳಿಗೆ ಸೋರ್ತಿದೆಯಾ? ಮೊದಲು ಮೇಲೆ ಹತ್ತಿ ನೋಡಿ, ಆಮೇಲೆ ಹೊದಿಕೆ ಕೊಳ್ಳಿ

ಮೇ ತಿಂಗಳಲ್ಲಿ ಎರಡು ಅಡ್ಡಮಳೆ ಬಿದ್ದರೆ ಸಾಕು, ಹುಬ್ಬಳ್ಳಿ-ಧಾರವಾಡದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದೇ ಮಾತು: "ಶೆಡ್ ಸೋರಾಕ್ ಹತ್ತೇತ್ರಿ, ಮ್ಯಾಲ ಏನ್ ಹಚ್ಚೂದು?" ಅಂಗಡಿಯವರು ತಮ್ಮ ಹತ್ತಿರ ಏನಿದೆಯೋ ಅದನ್ನೇ ಕೊಡುತ್ತಾರೆ. ನಿಮ್ಮ ಮಾಳಿಗೆ ಅವರು ನೋಡಿಲ್ಲವಲ್ಲ, ಅವರದೇನೂ ತಪ್ಪಿಲ್ಲ. ಆದರೆ ಯಾವ ಹೊದಿಕೆ ನಿಲ್ಲುತ್ತದೆ ಅನ್ನೋದು ಮಾಳಿಗೆ ಯಾವುದರದ್ದು, ನೀರು ಎಲ್ಲಿ ನಿಲ್ಲುತ್ತದೆ, ಅಂಚು-ಮೂಲೆ ಹೇಗಿವೆ, ಕೆಳಗೆ ಏನು ಇಟ್ಟಿದ್ದೀರಿ, ಇದರ ಮೇಲೆ ನಿಂತಿದೆ. ಕಂಪನಿ ಹೆಸರು ಕೊನೆಯ ಮಾತು. ದನದ ಕೊಟ್ಟಿಗೆ ಇರಲಿ, ಕಾಳು ತುಂಬುವ ಗೋದಾಮು ಇರಲಿ, ತಾರಿಹಾಳದಲ್ಲಿ ಬಾಡಿಗೆಗೆ ಹಿಡಿದ ಸಣ್ಣ ವರ್ಕ್‌ಶಾಪ್ ಇರಲಿ, ಚಪ್ಪಟೆ ಮಾಳಿಗೆ ಇದ್ದರೆ ಕೆಲಸದ ಕ್ರಮ ಒಂದೇ.

ನೀರು ಎಲ್ಲಿಂದ ಒಳಗೆ ಬರುತ್ತಿದೆ

ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಂತ ನಂಬಬೇಡಿ. ಸ್ಲ್ಯಾಬ್ ಒಳಗೆ ಹೊಕ್ಕ ನೀರು ಸರಳಿನ ಗುಂಟ ಹರಿದು, ಎಲ್ಲಿ ದಾರಿ ಸಿಗುತ್ತದೋ ಅಲ್ಲಿ ಇಳಿಯುತ್ತದೆ. ತಗಡಿನಲ್ಲಂತೂ ಮೇಲಿನ ಜೋಡಿನಲ್ಲಿ ಹೊಕ್ಕು, ತಗಡು ಹೊತ್ತಿರುವ ಕೆಳಗಿನ ಕಬ್ಬಿಣದ ಆಂಗಲ್ ಹಿಡಿದು ಹೋಗಿ, ಇನ್ನೊಂದು ಮೂಲೆಯಲ್ಲಿ ಬೀಳುತ್ತದೆ. ಹಾಗಾಗಿ ಒಳಗೆ ಕಲೆ ಇರುವ ಜಾಗವನ್ನು ಎರಡು ಗೋಡೆಯಿಂದ ಟೇಪ್ ಹಿಡಿದು ಅಳೆಯಿರಿ. ಅದೇ ಅಳತೆಯನ್ನು ಮೇಲೆ ಹಾಕಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅದರ ಸುತ್ತ ನಾಲ್ಕೈದು ಅಡಿ ಹುಡುಕಿ, ಎತ್ತರ ಇರುವ ಕಡೆ ಇನ್ನೂ ಜಾಸ್ತಿ ಹುಡುಕಿ.

ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ನೆಲದವರು ಒಂದು ಜಾಗವನ್ನು ತಪ್ಪದೆ ನೋಡಬೇಕು. ಸ್ಲ್ಯಾಬ್ ಮತ್ತು ಪ್ಯಾರಾಪೆಟ್ ಗೋಡೆ ಕೂಡುವ ಮೂಲೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಅದರ ಜೊತೆ ತಳಪಾಯವೂ ಅಷ್ಟಿಷ್ಟು ಅಲುಗಾಡುತ್ತದೆ. ಶೆಡ್‌ಗೆ ಯಾರೂ ಆಳವಾದ ತಳಪಾಯ ಹಾಕಿಸುವುದಿಲ್ಲ, ಅಲ್ವಾ? ಪ್ಯಾರಾಪೆಟ್ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೆ ಅಲ್ಲಿ ಬೆರಳಿನಿಂದ ತಟ್ಟಿ. ಪ್ಲಾಸ್ಟರ್ ಟೊಳ್ಳು ಸದ್ದು ಮಾಡಿದರೆ ಒಳಗೆ ಬಿಟ್ಟುಕೊಂಡಿದೆ ಅಂತ ಅರ್ಥ. ಬೇಸಿಗೆಯಲ್ಲಿ ಅದೇ ಗೆರೆಯಲ್ಲಿ ಪೋಸ್ಟ್‌ಕಾರ್ಡ್ ಹೋಗುವಷ್ಟು ಸಂದು ಬಿಟ್ಟಿರುತ್ತದೆ, ಮಳೆ ಹಿಡಿದ ಮೇಲೆ ಮುಚ್ಚಿಕೊಂಡ ಹಾಗೆ ಕಾಣುತ್ತದೆ. ಮುಚ್ಚಿಲ್ಲ. ನೀರು ಹೋಗುವಷ್ಟು ದಾರಿ ಇದ್ದೇ ಇರುತ್ತದೆ. ಇಂಥ ಬಿರುಕಿಗೆ ಬರೀ ಸಿಮೆಂಟ್ ತಿಕ್ಕಿದರೆ ಮುಂದಿನ ಬೇಸಿಗೆಗೆ ಮತ್ತೆ ಸೀಳುತ್ತದೆ, ಅಲ್ಲಿ ಹಿಗ್ಗುವ ವಸ್ತುವೇ ಬೇಕು.

ಅನುಮಾನ ಇದ್ದರೆ ನೀರು ಬಿಟ್ಟು ನೋಡಿ. ಪೈಪ್ ಹಿಡಿದು ಮೊದಲು ತಗ್ಗಿನ ಕಡೆ, ಹತ್ತು ಹದಿನೈದು ನಿಮಿಷ ಒಂದೇ ಜಾಗದಲ್ಲಿ ಬಿಡಿ, ಆಮೇಲೆ ಸ್ವಲ್ಪ ಮೇಲಕ್ಕೆ ಹೋಗಿ. ಒಳಗೆ ಒಬ್ಬರು ನಿಂತು ಕೂಗಿ ಹೇಳಲಿ. ಒಮ್ಮೆಲೇ ಇಡೀ ಮಾಳಿಗೆ ತೋಯಿಸಿದರೆ ಏನೂ ಗೊತ್ತಾಗುವುದಿಲ್ಲ.

ತಗಡಿನ ಕೊಟ್ಟಿಗೆಯವರಿಗೆ ಇನ್ನೊಂದು ಮಾತು. ಡಿಸೆಂಬರ್-ಜನವರಿಯ ಮುಂಜಾನೆ ಮಳೆಯೇ ಇಲ್ಲದೆ ಹನಿ ಬೀಳುತ್ತಿದ್ದರೆ ಅದು ಸೋರಿಕೆ ಅಲ್ಲ. ದನಗಳ ಉಸಿರಿನ ಆವಿ ತಣ್ಣನೆ ತಗಡಿಗೆ ತಾಗಿ ನೀರಾಗುತ್ತಿದೆ. ಅದಕ್ಕೆ ಬೇಕಾದದ್ದು ಗಾಳಿ ಆಡುವ ಕಿಂಡಿ. ಮೇಲೆ ಏನು ಹಚ್ಚಿದರೂ ಅದು ನಿಲ್ಲುವುದಿಲ್ಲ.

ಮಾಳಿಗೆ ಗಟ್ಟಿ ಇದೆಯಾ

ಕೆಳಗಿನಿಂದ ನೋಡಿದಾಗ ಸರಳು ಹೊರಗೆ ಕಂಡು, ತುಕ್ಕು ಹಿಡಿದು, ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಹೊದಿಕೆಯ ಯೋಚನೆ ಅಲ್ಲಿಗೇ ನಿಲ್ಲಿಸಿ. ಮೊದಲು ಎಂಜಿನಿಯರ್‌ಗೆ ತೋರಿಸಿ ದುರಸ್ತಿ ಮಾಡಿಸಿ. ಅಂಥ ಸ್ಲ್ಯಾಬ್ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಲೂ ಹೋಗಬೇಡಿ. ಒಂದು ಇಂಚು ನೀರು 100 ಚದರ ಅಡಿಯಲ್ಲಿ ನಿಂತರೆ ಅದೇ ಸುಮಾರು 235 ಕೆಜಿ ಭಾರ.

ಇದೇ ಕಾರಣಕ್ಕೆ ಇಟ್ಟಂಗಿ ಚೂರು ಹಾಕಿ ಮೇಲೆ ಗಾರೆ ಮಾಡುವ ಹಳೇ ಪದ್ಧತಿಯನ್ನು ಶೆಡ್‌ಗೆ ನಾನು ಹೇಳುವುದಿಲ್ಲ. ಮನೆಗೆ ಅದು ಒಳ್ಳೆಯದೇ, ತಂಪೂ ಹೌದು. ಆದರೆ ನಾಲ್ಕು ಇಂಚು ದಪ್ಪ ಹಾಕಿದರೆ ಚದರ ಮೀಟರಿಗೆ 180-200 ಕೆಜಿ ಬೀಳುತ್ತದೆ. ಶೆಡ್ ಸ್ಲ್ಯಾಬ್ ಅಷ್ಟು ಹೊರುವಂತೆ ಕಟ್ಟಿರುವುದು ಅಪರೂಪ.

ಸಿಮೆಂಟ್ ಶೀಟ್ ಇದ್ದರೆ ಎರಡು ಎಚ್ಚರ. ಹಳೇ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಒಣಗಿದಾಗ ತಂತಿ ಬ್ರಷ್‌ನಿಂದ ಉಜ್ಜುವುದು, ಡ್ರಿಲ್ ಹಾಕುವುದು, ಕತ್ತರಿಸುವುದು ಯಾವುದೂ ಬೇಡ. ಎರಡನೆಯದು, ಶೀಟ್ ಮೇಲೆ ನೇರ ಕಾಲಿಡಬೇಡಿ. ಹಳೇ ಶೀಟು ನೋಡಲು ಗಟ್ಟಿ ಕಾಣುತ್ತದೆ, ಒಮ್ಮೆಲೇ ಮುರಿಯುತ್ತದೆ. ಕೆಳಗಿನ ಆಂಗಲ್‌ಗೆ ಭಾರ ಬೀಳುವಂತೆ ಹಲಗೆ ಹಾಕಿ ಅದರ ಮೇಲೆ ಕೆಲಸ ಮಾಡಬೇಕು.

ಇಳಿಜಾರು ಮತ್ತು ನೀರಿನ ಬಾಯಿ

ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದೇ, ಜನ ಬಿಟ್ಟುಬಿಡುವುದೂ ಇದನ್ನೇ. ಚಪ್ಪಟೆ ಅಂದರೆ ಪೂರ್ತಿ ಚಪ್ಪಟೆ ಇರಬಾರದು. 100ಕ್ಕೆ 1ರಷ್ಟಾದರೂ ಇಳಿಜಾರು ಬೇಕು, ಅಂದರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು. ಲೆವೆಲ್ ಪೈಪಿನಲ್ಲಿ ನೀರು ತುಂಬಿ ಎರಡು ಕಡೆ ಹಿಡಿದರೆ ಗೌಂಡಿ ಐದು ನಿಮಿಷದಲ್ಲಿ ಹೇಳುತ್ತಾನೆ. ಇನ್ನೂ ಸುಲಭ ದಾರಿ: ಜೋರು ಮಳೆ ನಿಂತ ಮೇಲೆ ಹತ್ತಿ, ನಿಂತ ನೀರಿನ ಸುತ್ತ ಗೆರೆ ಎಳೆಯಿರಿ. 48 ತಾಸು ಕಳೆದರೂ ಅಲ್ಲಿ ನೀರು ಇದ್ದರೆ ಅದನ್ನು ನಿಂತ ನೀರಿನ ಜಾಗ ಅಂತಲೇ ಲೆಕ್ಕ ಹಿಡಿದು ಹೊದಿಕೆ ಆರಿಸಬೇಕು.

ಆಮೇಲೆ ನೀರು ಇಳಿಯುವ ಪೈಪು. 20 ಅಡಿ ಉದ್ದ 15 ಅಡಿ ಅಗಲದ ಶೆಡ್ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 700 ಲೀಟರ್ ನೀರು. ನಮ್ಮ ಕಡೆಯ ಗುಡುಗು ಮಳೆಯಲ್ಲಿ ಇಷ್ಟು ನೀರು ಅರ್ಧ ತಾಸಿನಲ್ಲಿ ಸುರಿಯಬಹುದು. ಅದೆಲ್ಲ ಎರಡು ಇಂಚಿನ ಒಂದೇ ಪೈಪಿನಲ್ಲಿ, ಅದೂ ಬೇವಿನ ಎಲೆ ಸಿಕ್ಕಿಕೊಂಡ ಬಾಯಲ್ಲಿ ಹೋಗಬೇಕು ಅಂದರೆ ಹೇಗೆ? ಇಂಥ ಶೆಡ್‌ಗೆ ನಾಲ್ಕು ಇಂಚಿನ ಪೈಪು ಹಾಕಿಸಿ, ಸಾಧ್ಯವಾದರೆ ಎರಡು ಕಡೆ. ಪೈಪಿನ ಬಾಯಿ ಸುತ್ತ ಒಂದು ಅಡಿ ಜಾಗ ಉಳಿದ ಮಾಳಿಗೆಗಿಂತ ಅರ್ಧ ಇಂಚು ತಗ್ಗಿನಲ್ಲಿ ಇರಲಿ. ಬಾಯಿ ಎತ್ತರದಲ್ಲಿ ಇದ್ದು ಮಾಳಿಗೆ ತಗ್ಗಿನಲ್ಲಿ ಇರುವ ಶೆಡ್‌ಗಳು ನಮ್ಮಲ್ಲಿ ಬಹಳ. ಅಲ್ಲಿ ಎಷ್ಟು ದುಬಾರಿ ಹೊದಿಕೆ ಹಾಕಿದರೂ ದುಡ್ಡು ದಂಡ.

ಈಗ ಹೊದಿಕೆ ಆರಿಸೋಣ

ಮೊದಲು ತಾಡಪತ್ರಿ ವಿಷಯ ಮುಗಿಸಿಬಿಡುತ್ತೇನೆ. ಅದು ಈ ಮಳೆಗಾಲ ದಾಟಿಸುವ ಉಪಾಯ, ಅಷ್ಟೇ. ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಅದರ ಬದಲು ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಕಪ್ಪು ಹಾಳೆ ಉಳಿದಿದ್ದರೆ ಅದನ್ನೇ ಶೆಡ್ ಮೇಲೆ ಹಾಸುವುದನ್ನು ಗದಗ, ಹಾವೇರಿ ಕಡೆ ನೋಡುತ್ತೇವೆ. ಹಾಳೆ ಗಟ್ಟಿ, ನೀರೂ ಬಿಡುವುದಿಲ್ಲ. ತೊಂದರೆ ಎರಡು. ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ, ಬಿಸಿ ಮಾಡಿಯೇ ಕೂಡಿಸಬೇಕು, ಹಾಗಾಗಿ ಜೋಡು ಬಂದಲ್ಲಿ ಸೋರುತ್ತದೆ. ಮತ್ತೆ ಗಾಳಿ. ಕಪ್ಪತಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಆ ಕಡೆಯ ಗಾಳಿ ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ. ಸುಮ್ನೆ ಹಾಸಿ ನಾಲ್ಕು ಕಲ್ಲು ಇಟ್ಟರೆ ಒಂದು ರಾತ್ರಿಯಲ್ಲಿ ಹರಿದು ಪಕ್ಕದ ಹೊಲದಲ್ಲಿ ಇರುತ್ತದೆ. ಇಡೀ ಮಾಳಿಗೆಗೆ ಒಂದೇ ತುಂಡು ಸಿಕ್ಕರೆ, ಅಂಚನ್ನು ಪ್ಯಾರಾಪೆಟ್‌ಗೆ ಪಟ್ಟಿ ಹೊಡೆದು ಬಿಗಿದರೆ ಮಾತ್ರ ಯೋಚಿಸಿ.

ಸ್ಲ್ಯಾಬ್ ಇದ್ದು ನೀರು ಚೆನ್ನಾಗಿ ಹರಿದು ಹೋಗುತ್ತಿದ್ದರೆ ಅಕ್ರಿಲಿಕ್ ಕೋಟಿಂಗ್ ಸಾಕು. ಬಕೆಟ್‌ನಲ್ಲಿ ಬರುವ, ರೋಲರ್‌ನಿಂದ ಹಚ್ಚುವ ಬಿಳಿ ಬಣ್ಣದ್ದು. ಕಡಿಮೆ ಖರ್ಚು, ನೀವೇ ಹಚ್ಚಬಹುದು, ಬಿಳಿ ಇರುವುದರಿಂದ ಕೆಳಗೆ ಸೆಕೆಯೂ ಕಡಿಮೆ. ಆದರೆ ಇದು ದಿನಗಟ್ಟಲೆ ನಿಂತ ನೀರನ್ನು ತಡೆಯುವುದಿಲ್ಲ. ಮೆತ್ತಗಾಗಿ ಏಳುತ್ತದೆ. ನಿಮ್ಮ ಸೀಮೆಸುಣ್ಣದ ಗೆರೆಯೊಳಗೆ ಎರಡು ದಿನ ನೀರು ಇತ್ತಾ? ಹಾಗಾದರೆ ಇದನ್ನು ಬಿಡಿ, ಇಲ್ಲವೇ ಮೊದಲು ಆ ತಗ್ಗನ್ನು ಪಾಲಿಮರ್ ಬೆರೆಸಿದ ಸಿಮೆಂಟ್-ಉಸುಕಿನಿಂದ ತುಂಬಿಸಿ.

ನೀರು ನಿಲ್ಲುವ ಸ್ಲ್ಯಾಬ್‌ಗೆ ಎರಡು ದಾರಿ. ಒಂದು ಪಾಲಿಯುರೆಥೇನ್, ಅಂಗಡಿಯಲ್ಲಿ ಪಿಯು ಅಂತಾರೆ. ರಬ್ಬರಿನ ಹಾಗೆ ಹಿಗ್ಗುತ್ತದೆ, ಸಣ್ಣ ಬಿರುಕನ್ನು ತಡೆದುಕೊಳ್ಳುತ್ತದೆ, ನಿಂತ ನೀರಿಗೂ ಜಗ್ಗುವುದಿಲ್ಲ. ದುಬಾರಿ. ಸ್ಲ್ಯಾಬ್ ಒಳಗೆ ತೇವ ಇದ್ದರೆ ಗುಳ್ಳೆ ಏಳುತ್ತದೆ. ಕೆಲವು ಬಗೆಯ ಪಿಯು ಬಿಸಿಲಿಗೆ ಹಳದಿಯಾಗಿ ಸೀಳುತ್ತದೆ, ಅದಕ್ಕೆ ಮೇಲೊಂದು ಬಿಸಿಲು ತಡೆಯುವ ಕೋಟ್ ಬೇಕು. ಇದನ್ನು ಕೊಳ್ಳುವಾಗಲೇ ಕೇಳಿ.

ಇನ್ನೊಂದು ಎಪಿಪಿ ಶೀಟ್. ನಮ್ಮ ಕಡೆ ಡಾಂಬರ್ ಶೀಟ್, ಟಾರ್ ಶೀಟ್ ಅಂತ ಕರೆಯುವ ರೋಲ್. ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿರುವುದರಿಂದ ಬರೀ ಡಾಂಬರಿಗಿಂತ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. 3 ಮತ್ತು 4 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತದೆ. ಮೇಲೆ ಏನೂ ಹಾಕದೆ ಬಿಡುವುದಾದರೆ 4 ಮಿಲಿಮೀಟರಿನದ್ದೇ ತಗೊಳ್ಳಿ, ಅದರಲ್ಲೂ ಮೇಲ್ಮುಖಕ್ಕೆ ಅಲ್ಯುಮಿನಿಯಂ ಹಾಳೆ ಅಥವಾ ಕಲ್ಲಿನ ಹರಳು ಅಂಟಿಸಿದ್ದು. ಬರೀ ಕಪ್ಪು ಶೀಟು ಬಿಸಿಲಿಗೆ ಒಣಗಿ ಬಿರಿಯುತ್ತದೆ. ದೊಡ್ಡ ಗೋದಾಮು, ಅಲುಗಾಡುವ ಎರೆ ನೆಲದ ಶೆಡ್, ಬಿರುಕು ಜಾಸ್ತಿ ಇರುವ ಸ್ಲ್ಯಾಬ್, ಇವಕ್ಕೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಇಲ್ಲೊಂದು ದೊಡ್ಡ ಆದರೆ ಇದೆ. ಇದನ್ನು ಗ್ಯಾಸ್ ಬೆಂಕಿಯಿಂದ ಕಾಯಿಸಿ ಅಂಟಿಸುತ್ತಾರೆ. ಶೆಡ್ಡಿನಲ್ಲಿ ಕಣಕಿ, ಹೊಟ್ಟು, ಹತ್ತಿ ತುಂಬಿದ್ದರೆ, ಪಕ್ಕದಲ್ಲಿ ಬಣವಿ ಇದ್ದರೆ, ಮಾಳಿಗೆಗೆ ಕಟ್ಟಿಗೆ ಹಲಗೆ ಇದ್ದರೆ ಬೆಂಕಿ ಕೆಲಸ ಖಂಡಿತ ಬೇಡ. ಸಂದಿಯಲ್ಲಿ ಹೊಕ್ಕ ಒಂದು ಕಿಡಿ ತಾಸುಗಟ್ಟಲೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳಬಹುದು. ಹಿಂಬದಿಯ ಹಾಳೆ ಕಿತ್ತು ಅಂಟಿಸುವ ಶೀಟ್ ಸಿಗುತ್ತದೆ, ಅದನ್ನು ತರಿಸಿ, ಇಲ್ಲವೇ ಪಿಯು ಕಡೆ ಹೋಗಿ.

ಎರಡು ಡಬ್ಬಿ ಬೆರೆಸಿ ಹಚ್ಚುವ ಸಿಮೆಂಟ್ ಕೋಟಿಂಗ್ ಬಗ್ಗೆ ತುಂಬ ಜನ ಕೇಳುತ್ತಾರೆ. ಬಚ್ಚಲು, ನೀರಿನ ಟ್ಯಾಂಕ್‌ಗೆ ಒಳ್ಳೆಯದು. ಮಾಳಿಗೆಗೆ ಹಚ್ಚಿದರೆ ಅದರ ಮೇಲೆ ಗಾರೆ ಬೇಕೇ ಬೇಕು. ಶೆಡ್‌ಗೆ ಅಷ್ಟು ಭಾರ ಯಾಕೆ?

ಶಹಾಬಾದ್ ಕಲ್ಲಿನ ಚಪ್ಪಡಿ ಹಾಕಿದ ಮಾಳಿಗೆ ಇದ್ದರೆ ಸಮಸ್ಯೆ ಕಲ್ಲಿನದ್ದಲ್ಲ, ಸಂದಿನದ್ದು. ಹಳೇ ಗಾರೆ ಕೆತ್ತಿ ತೆಗೆದು, ಸಂದನ್ನು ಹಿಗ್ಗುವ ಸೀಲಂಟ್‌ನಿಂದ ತುಂಬಿ, ಅದರ ಮೇಲೆ ಆರು ಇಂಚು ಅಗಲದ ಜಾಳಿಗೆ ಪಟ್ಟಿ ಕೂಡಿಸಿ ಪಿಯು ಹಚ್ಚಿ. ಮಣ್ಣಿನ ಮಾಳಿಗೆಯ ಹಳೇ ಕೊಟ್ಟಿಗೆಗೆ ಇವ್ಯಾವುದೂ ಬೇಡ. ಮಣ್ಣಿನ ತೇವ ಮೇಲೆ ಹೋಗಲು ದಾರಿ ಇಲ್ಲದೆ ಕೆಳಗಿನ ತೊಲೆ-ಜಂತಿ ಕೊಳೆಯುತ್ತವೆ. ಒಂದಡಿ ಗಾಳಿ ಆಡುವಂತೆ ಬಿಟ್ಟು ಮೇಲೊಂದು ಇಳಿಜಾರಿನ ತಗಡು ಹೊದಿಸುವುದೇ ಅದಕ್ಕೆ ಸರಿ.

ಇನ್ನು ಚಪ್ಪಟೆ ತಗಡಿನ ಶೆಡ್. ತಗಡಿಗೆ 5 ಡಿಗ್ರಿಯಾದರೂ ಇಳಿಜಾರು ಬೇಕು, ಅಂದರೆ 10 ಅಡಿಗೆ ಸುಮಾರು 10 ಇಂಚು. ಅಷ್ಟಿಲ್ಲದಿದ್ದರೆ ಗಾಳಿ ನೀರನ್ನು ಜೋಡಿನ ಒಳಗೆ ತಳ್ಳುತ್ತದೆ. ಒಂದು ಕಡೆಯ ಗೋಡೆಯನ್ನು ಎರಡು ಮೂರು ವರಸೆ ಇಟ್ಟಂಗಿ ಏರಿಸಿ ಆಂಗಲ್ ಎತ್ತಿಸಿದರೆ, ಆ ಖರ್ಚು ಯಾವ ಕೋಟಿಂಗ್‌ಗಿಂತಲೂ ಜಾಸ್ತಿ ವರ್ಷ ಕೆಲಸಕ್ಕೆ ಬರುತ್ತದೆ. ಏರಿಸಲು ಆಗದಿದ್ದರೆ ಜೋಡುಗಳ ನಡುವೆ ಬ್ಯುಟೈಲ್ ಟೇಪ್ (ಅಂಟುವ ಮೆತ್ತನೆ ರಬ್ಬರ್ ಪಟ್ಟಿ) ಹಾಕಿ, ಒಣಗಿ ಬಿರಿದ ವಾಷರ್‌ಗಳನ್ನೆಲ್ಲ ಬದಲಿಸಿ ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿಸಿ. ಸ್ಕ್ರೂ ತಗಡಿನ ಉಬ್ಬಿನ ಮೇಲೆ ಬರಬೇಕು. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು ಮಾಡಿದಂತೆ. ನಮ್ಮ ಕಡೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತದೆ, ಹಾಗಾಗಿ ಹೊಸ ತಗಡು ಹಾಕಿಸುವಾಗ ಜೋಡಿನ ಬಾಯಿ ಪೂರ್ವಕ್ಕೆ ಇರಲಿ.

ಎಷ್ಟು ಬೇಕು ಅನ್ನೋ ಲೆಕ್ಕ

ಎಪಿಪಿ ರೋಲ್ ಸಾಮಾನ್ಯವಾಗಿ 1 ಮೀಟರ್ ಅಗಲ, 10 ಮೀಟರ್ ಉದ್ದ. ಪಕ್ಕದ ಜೋಡಿಗೆ 10 ಸೆಂಟಿಮೀಟರ್, ತುದಿ ಜೋಡಿಗೆ 15 ಸೆಂಟಿಮೀಟರ್ ಒಂದರ ಮೇಲೊಂದು ಬರಬೇಕು. ಅದನ್ನು ಕಳೆದರೆ ಒಂದು ರೋಲ್‌ನಿಂದ ಮುಚ್ಚುವುದು ಸುಮಾರು 95 ಚದರ ಅಡಿ. ಪ್ಯಾರಾಪೆಟ್ ಮೇಲೆ ಆರು ಇಂಚು ಏರಿಸುವುದನ್ನೂ ಸೇರಿಸಿ. ನಮ್ಮ 20-15ರ ಶೆಡ್‌ಗೆ 300ಕ್ಕೆ 35 ಸೇರಿ 335 ಚದರ ಅಡಿ, ಅಂದರೆ ನಾಲ್ಕು ರೋಲ್.

ಕೋಟಿಂಗ್‌ನಲ್ಲಿ ಮೋಸ ಆಗುವುದು ದಪ್ಪದಲ್ಲಿ. ಒಂದು ಚದರ ಮೀಟರಿಗೆ ಒಂದು ಲೀಟರ್ ಹಚ್ಚಿದರೆ ಹಸಿ ಇದ್ದಾಗ 1 ಮಿಲಿಮೀಟರ್ ದಪ್ಪ. ಅದರಲ್ಲಿ ಅರ್ಧ ಭಾಗ ನೀರೇ ಇದ್ದರೆ ಒಣಗಿದ ಮೇಲೆ ಉಳಿಯುವುದು ಅರ್ಧ ಮಿಲಿಮೀಟರ್. ಬಕೆಟ್ ಮೇಲೆ ಎಷ್ಟು ಚದರ ಅಡಿಗೆ ಎಷ್ಟು ಅಂತ ಬರೆದಿರುತ್ತಾರೆ, ಅದನ್ನು ಓದಿ, ನಿಮ್ಮ ಮಾಳಿಗೆಗೆ ಎಷ್ಟು ಬಕೆಟ್ ಬರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. "ಯಜಮಾನ್ರ, ಒಂದ್ ಬಕೆಟ್‌ನ್ಯಾಗ ಎಲ್ಲಾ ಮುಗಸ್ತೀನ್ರಿ" ಅಂತ ಕೆಲಸದವರು ಅಂದರೆ ಖುಷಿಪಡಬೇಡಿ. "ಬ್ಯಾಡಪ್ಪಾ, ಬಕೆಟ್ ಮ್ಯಾಲ ಬರದಷ್ಟ ಹಚ್ಚು" ಅನ್ನಿ, ಖಾಲಿ ಬಕೆಟ್ ಎಣಿಸಿಕೊಂಡೇ ದುಡ್ಡು ಕೊಡಿ.

ಹಚ್ಚುವ ಮುಂಚಿನ ಕೆಲಸ

ಕಾಲ ಯಾವುದು? ಸ್ವಾತಿ ಮಳೆ ಮುಗಿದ ಮೇಲೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಚಂದ. ಏಪ್ರಿಲ್-ಮೇ ಆದರೆ ರೋಹಿಣಿ ಮಳೆಗೆ ಮುಂಚೆ ಮುಗಿಯುವಂತೆ ನೋಡಿ. ಆ ಬಿಸಿಲಲ್ಲಿ ಕೋಟಿಂಗ್ ಅನ್ನು ಮಧ್ಯಾಹ್ನ ಹಚ್ಚಬೇಡಿ, ಮೇಲಿನ ಪದರ ಒಮ್ಮೆಲೇ ಒಣಗಿ ಒಳಗೆ ಹಸಿ ಉಳಿಯುತ್ತದೆ. ಮುಂಜಾನೆ ಇಬ್ಬನಿ ಆರಿದ ಮೇಲೆ, ಇಲ್ಲವೇ ಬಿಸಿಲು ಇಳಿದ ಮೇಲೆ.

ಪಾಚಿ, ಹಳೇ ಬಣ್ಣ, ಸಡಿಲ ಗಾರೆ ಎಲ್ಲ ಕೆರೆದು ತೆಗೆದು ತೊಳೆಯಿರಿ. ಬಿರುಕನ್ನು ಇಂಗ್ಲಿಷ್ ವಿ ಆಕಾರದಲ್ಲಿ ಸ್ವಲ್ಪ ಅಗಲಿಸಿ, ಧೂಳು ಊದಿ ತುಂಬಿ. ಪ್ಯಾರಾಪೆಟ್ ಬುಡದ ಮೂಲೆಗೆ ಎರಡು ಇಂಚಿನ ಗೋಲಾ ಕಟ್ಟಿಸಿ, ಅಂದರೆ ಮೂಲೆ ನೇರ ಕೋನವಾಗಿ ಉಳಿಯದೆ ಇಳಿಜಾರಾಗಿ ತಿರುಗಬೇಕು. ಯಾವ ಹೊದಿಕೆಯೂ ನೇರ ಕೋನದಲ್ಲಿ ಮಡಚಿದರೆ ಅಲ್ಲೇ ಮೊದಲು ಸೀಳುತ್ತದೆ. ಹೊಸ ಗಾರೆಗೆ ಏಳು ದಿನ ನೀರು ಹೊಡೆದು, ಆಮೇಲೆ ಪೂರ್ತಿ ಒಣಗಲು ಬಿಡಿ.

ಒಣಗಿದೆಯಾ ಅಂತ ನೋಡಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಸ್ಲ್ಯಾಬ್‌ಗೆ ಅಂಟಿಸಿ, ಸಂಜೆಯಿಂದ ಮರುದಿನ ಬೆಳಿಗ್ಗೆವರೆಗೆ ಬಿಡಿ. ಹಾಳೆಯ ಒಳಬದಿ ಹನಿ ಕಟ್ಟಿದ್ದರೆ ಅಥವಾ ಸ್ಲ್ಯಾಬ್ ಕಪ್ಪಾಗಿದ್ದರೆ ಇನ್ನೂ ತೇವ ಇದೆ. ಪಿಯು ಹಚ್ಚುವವರು ಇದನ್ನು ಬಿಡಲೇಬೇಡಿ.

ಹಾಸುವಾಗ, ಹಚ್ಚುವಾಗ

ಎಪಿಪಿ ಆದರೆ ಮೊದಲು ಪ್ರೈಮರ್, ಅಂದರೆ ಶೀಟು ಚೆನ್ನಾಗಿ ಹಿಡಿಯಲು ಹಚ್ಚುವ ತೆಳು ಕೋಟ್, ಅದು ಕೈಗೆ ಅಂಟದಂತೆ ಒಣಗಬೇಕು. ಹಾಸುವುದು ತಗ್ಗಿನ ಕಡೆಯಿಂದ ಶುರು, ಮೇಲಿನ ಶೀಟು ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸುವ ಕ್ರಮವೇ. ಜೋಡಿನ ಅಂಚಿನಲ್ಲಿ ಕರಗಿದ ಡಾಂಬರು ಉದ್ದಕ್ಕೂ ಸಣ್ಣ ಗೆರೆಯಂತೆ ಹೊರಗೆ ಬಂದಿದ್ದರೆ ಸರಿಯಾಗಿ ಕೂತಿದೆ. ಆರಿದ ಮೇಲೆ ಕರಣಿಯ ತುದಿ ಒಳಗೆ ತೂರಿಸಿ ನೋಡಿ, ಹೋದರೆ ಅಲ್ಲಿ ಮತ್ತೆ ಕಾಯಿಸಬೇಕು. ಮುಗಿದ ಮೇಲೆ ಒಂದು ತಾಸಾದರೂ ಯಾರಾದರೂ ಅಲ್ಲೇ ಇರಲಿ, ಉಸುಕು, ನೀರು ಹತ್ತಿರ ಇರಲಿ.

ಅಕ್ರಿಲಿಕ್ ಆದರೆ ಮೊದಲ ಕೋಟ್ ಹಸಿ ಇರುವಾಗಲೇ ಜಾಳಿಗೆ ಬಟ್ಟೆ ಹಾಸಿ ಒತ್ತಿ, ಅದು ಪೂರ್ತಿ ಮುಳುಗಬೇಕು. ಎರಡನೇ ಕೋಟ್ ಅಡ್ಡಕ್ಕೆ. ನಡುವೆ ನಾಲ್ಕಾರು ತಾಸು ಬಿಡಿ. ಮುಂದಿನ 24 ತಾಸಿನಲ್ಲಿ ಮಳೆ ಬರುವ ಮೋಡ ಕಂಡರೆ ಬಕೆಟ್ ತೆರೆಯಬೇಡಿ.

ಅಂಚುಗಳಿಗೆ ಅರ್ಧ ದಿನ ಹೋದರೂ ಸರಿ. ಶೀಟಿನ ತುದಿಯನ್ನು ಪ್ಯಾರಾಪೆಟ್‌ನಲ್ಲಿ ಗೀರು ಕೊರೆದು ಅದರೊಳಗೆ ಸಿಕ್ಕಿಸಿ ಸೀಲಂಟ್ ತುಂಬಬೇಕು. ಸುಮ್ನೆ ಗೋಡೆಗೆ ಅಂಟಿಸಿ ಬಿಟ್ಟರೆ ಎರಡು ಬೇಸಿಗೆಗೆ ತುದಿ ಸುರುಳಿ ಬಿಡುತ್ತದೆ, ಗೋಡೆ ಮೇಲೆ ಇಳಿದ ನೀರೆಲ್ಲ ಅದರ ಹಿಂದೆ ಹೋಗುತ್ತದೆ. ನೀರಿನ ಪೈಪಿನ ಬಾಯಲ್ಲೂ ಹೊದಿಕೆ ಮೂರ್ನಾಲ್ಕು ಇಂಚು ಪೈಪಿನ ಒಳಗೆ ಇಳಿಯಬೇಕು. ಪ್ಯಾರಾಪೆಟ್ ತಲೆಯ ಮೇಲಿನ ಬಿರುಕುಗಳಿಗೂ ಒಂದು ಕೋಟ್ ಹಚ್ಚಿ, ಅಲ್ಲಿಂದ ಹೊಕ್ಕ ನೀರು ನಿಮ್ಮ ಹೊಸ ಹೊದಿಕೆಯ ಕೆಳಗೇ ಹೋಗಿ ಸೇರುತ್ತದೆ.

ಸ್ಲ್ಯಾಬ್ ಗಟ್ಟಿ ಇದ್ದರೆ ಪೈಪ್ ಬಾಯಿ ಕಟ್ಟಿ ಒಂದು ಇಂಚು ನೀರು 24 ತಾಸು ನಿಲ್ಲಿಸಿ ಪರೀಕ್ಷೆ ಮಾಡಿ. ಕೊನೆಯ ಕಂತು ಇದಾದ ಮೇಲೆ ಕೊಡಿ.

ಆಮೇಲೆ

ಬ್ಯಾಡಗಿ, ಹಾವೇರಿ ಕಡೆ ಶೆಡ್ ಮೇಲೆ ಮೆಣಸಿನಕಾಯಿ, ಶೇಂಗಾ ಒಣಹಾಕುವ ರೂಢಿ ಇದೆ. ಡಾಂಬರ್ ಶೀಟ್ ಮೇಲೆ ನೇರವಾಗಿ ತಿನ್ನುವ ಪದಾರ್ಥ ಹರಡಬೇಡಿ, ಬಿಸಿಲಿಗೆ ಅದು ಮೆತ್ತಗಾಗುತ್ತದೆ, ವಾಸನೆಯೂ ಹತ್ತುತ್ತದೆ. ಕೋಟಿಂಗ್ ಮೇಲೂ ತಾಡಪತ್ರಿ ಹಾಸಿಯೇ ಹರಡಿ, ಕಬ್ಬಿಣದ ಸಲಿಕೆ ಬಿಟ್ಟು ಕಟ್ಟಿಗೆಯದ್ದು ಬಳಸಿ. ಒಣಹಾಕುವುದು ಪ್ರತಿ ವರ್ಷದ ಕೆಲಸ ಆದರೆ ಅಲ್ಯುಮಿನಿಯಂ ಹಾಳೆಯ ಶೀಟ್ ತಗೊಳ್ಳಬೇಡಿ, ಕಾಲಿನ ಓಡಾಟಕ್ಕೆ ಬೇಗ ಹರಿಯುತ್ತದೆ.

ಪ್ಯಾರಾಪೆಟ್ ಸಂದಿನಲ್ಲಿ ಅರಳಿ ಸಸಿ ಎರಡು ಎಲೆ ಇರುವಾಗಲೇ ಕಿತ್ತು ಹಾಕಿ. ಬೇರು ಬಿಟ್ಟರೆ ಹೊದಿಕೆಯನ್ನೂ ಗೋಡೆಯನ್ನೂ ಸೀಳುತ್ತದೆ. ವರ್ಷಕ್ಕೆ ಎರಡು ಸಲ ಹತ್ತಿ, ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಸ್ವಾತಿ ಮುಗಿದ ಮೇಲೆ ಒಮ್ಮೆ, ಪೈಪಿನ ಬಾಯಿ ಬಳಿದು ಅಂಚುಗಳನ್ನು ನೋಡಿ. ಉಳಿದ ಶೀಟಿನ ತುಂಡನ್ನು ನೆರಳಲ್ಲಿ ಇಡಿ. ಯಾವ ಹೊದಿಕೆ, ಎಷ್ಟು ದಪ್ಪ, ಯಾವ ತಿಂಗಳು ಹಾಕಿಸಿದ್ದು ಅಂತ ಶೆಡ್ ಬಾಗಿಲ ಹಿಂದೆ ಪೇಂಟ್‌ನಲ್ಲಿ ಬರೆದಿಡಿ. ಮುಂದೆ ತೇಪೆ ಹಾಕುವಾಗ ಅದೇ ಜಾತಿಯ ವಸ್ತು ಬೇಕು, ಡಾಂಬರ್ ಶೀಟಿನ ಮೇಲೆ ಅಕ್ರಿಲಿಕ್ ತೇಪೆ ಸರಿಯಾಗಿ ಹಿಡಿಯುವುದಿಲ್ಲ.